ಬೈಸಿಕೊಂಡವನ ಆಮೆನ್

ಮನೆಯವರನ್ನು ಬೈಯಲು ಅತ್ಯಂತ ಸುರಕ್ಷಿತವಾದ ಜಾಗ ಯಾವುದೆಂದು ಯಾರಾದರೂ ಕೇಳಿದರೆ ನಾನು ಪ್ರಾರ್ಥನೆ ಎನ್ನುತ್ತೇನೆ. ಅಲ್ಲಿ ಎಲ್ಲರ ಕಣ್ಣೂ ಮುಚ್ಚಿರುತ್ತದೆ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಕೊನೆಗೆ ಬೈಸಿಕೊಂಡವನೇ ಆಮೆನ್ ಎನ್ನಬೇಕು. ಈ ವಿದ್ಯೆ ನಮ್ಮ ಮನೆಗೆ ಬಂದದ್ದು ಅಮ್ಮನಿಂದ. ಉಡುಪಿಯಲ್ಲಿದ್ದಾಗ ಅಪ್ಪ ತಡವಾಗಿ ಬಂದ ದಿನ ಅಮ್ಮ ಜಗಳಕ್ಕೆ ಹೋಗುತ್ತಿರಲಿಲ್ಲ. ಊಟಕ್ಕೆ ಮೊದಲು ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ, "ಕರ್ತನೇ, ಕತ್ತಲಾದರೂ ಮನೆಯ ದಾರಿ ನೆನಪಾಗದವರಿಗೆ ನೀನೇ ದಾರಿ ತೋರಿಸು" ಎನ್ನುತ್ತಿದ್ದಳು. ಅಪ್ಪ ತಲೆ ಬಗ್ಗಿಸಿಕೊಂಡೇ ಆಮೆನ್ ಎನ್ನುತ್ತಿದ್ದರು.

ಊರು ಬಿಟ್ಟು ಮರಾಠಿ ಸೀಮೆಯ ಡೊಂಬಿವಲಿಯಲ್ಲಿ ಸಂಸಾರ ಹೂಡಿದ ಮೇಲೆ ಆ ಪಟ್ಟ ನನಗೆ ಬಂತು. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ನಾನು ರೋಗಿಗಳಿಗಾಗಿ, ಸಭೆಗಾಗಿ, ಐರೋಲಿಯ ಆಫೀಸಿನಿಂದ ರೈಲಿನಲ್ಲಿ ನೇತಾಡುತ್ತ ಬರುವ ಮಗ ಸೊಸೆಗಾಗಿ ಬೇಡಿಕೊಳ್ಳುತ್ತೇನೆ. ನಡುವೆ ಹಿಂದಿನ ದಿನದ ಮೀನುಸಾರಿಗೆ ಹುಳಿ ಹೆಚ್ಚಾದ ಸಂಗತಿಯನ್ನೂ ದೇವರ ಗಮನಕ್ಕೆ ತರುತ್ತೇನೆ. ನನ್ನ ಪ್ರಾರ್ಥನೆ ಸ್ವಲ್ಪ ಉದ್ದ. ಹೆಂಡತಿ ಗ್ರೇಸಿ ಕುಕ್ಕರಿನ ಸೀಟಿಯ ಲೆಕ್ಕದಲ್ಲಿ ಅದನ್ನು ಅಳೆಯುತ್ತಾಳೆ.

ನನಗಿದ್ದ ಚಿಂತೆ ಮೊಮ್ಮಗಳು ರಿಯಾಳದ್ದು. ಹನ್ನೆರಡು ವರ್ಷ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಹಿಂದಿಯಲ್ಲಿ. ಮರಾಠಿಯವರ ಆರಾಧನೆ ಮುಗಿದ ಮೇಲೆ ಅದೇ ದೇವಾಲಯದಲ್ಲಿ ನಡೆಯುವ ನಮ್ಮ ಕನ್ನಡ ಆರಾಧನೆಯಲ್ಲಿ ಅವಳು ಕಾಲಾಡಿಸುತ್ತ ಕೂತಿರುತ್ತಾಳೆ. ಮನೆಯ ಪ್ರಾರ್ಥನೆಯಲ್ಲಿ ಅವಳ ಒಂದು ಕಣ್ಣು ತೆರೆದೇ ಇರುತ್ತದೆ. ಅದು ನನಗೆ ಹೇಗೆ ಗೊತ್ತಾಯಿತೆಂದು ದಯವಿಟ್ಟು ಕೇಳಬೇಡಿ. "ಇವತ್ತು ನೀನು ಪ್ರಾರ್ಥನೆ ಮಾಡು ಮಗಾ" ಎಂದರೆ, "ಅಜ್ಜ, ಆಪ್ ಹೀ ಕರೋ ನಾ, ನಿಮ್ಗೆ ಚೆಂದ ಬರ್ತದೆ" ಎಂದು ಜಾರಿಕೊಳ್ಳುತ್ತಿದ್ದಳು. ನನ್ನ ಕಾಲ ಮುಗಿದ ಮೇಲೆ ಈ ಮನೆಯಲ್ಲಿ ದೇವರೊಡನೆ ಮಾತಾಡುವವರೇ ಇರುವುದಿಲ್ಲವೇನೋ ಎಂದು ನನಗೆ ನಿಜವಾಗಿಯೂ ಭಯವಾಗುತ್ತಿತ್ತು.

ಹೋದ ತಿಂಗಳು ಮನೆಪ್ರಾರ್ಥನೆಯ ಸರದಿ ನಮ್ಮದಾಗಿತ್ತು. ಕಲ್ಯಾಣ, ಬದಲಾಪುರದಿಂದ ಸಭೆಯವರು ಬಂದು ಹಾಲಿನಲ್ಲಿ ಒತ್ತಿಕೊಂಡು ಕೂತರು. ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ದಾಟಿ ಬಂದವರ ಮುಖದಲ್ಲಿ ಕೆಂಪು ಸಮುದ್ರ ದಾಟಿದ ಸಮಾಧಾನವಿತ್ತು. ಹಾಡು, ಪ್ರಸಂಗ ಎಲ್ಲ ಮುಗಿದ ಮೇಲೆ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, "ಈ ಮನೆಯ ಸಣ್ಣವಳು ಪ್ರಾರ್ಥನೆ ಮಾಡ್ಲಿ" ಎಂದುಬಿಟ್ಟರು. ರಿಯಾ ನನ್ನನ್ನೊಮ್ಮೆ ನೋಡಿ, ಥೇಟ್ ನನ್ನ ಹಾಗೆಯೇ ಗಂಟಲು ಸರಿಮಾಡಿಕೊಂಡು ಕಣ್ಣು ಮುಚ್ಚಿದಳು.

"ಕರ್ತನೇ, ಎಲ್ರೂ ಬಂದದ್ದಕ್ಕೆ ಥ್ಯಾಂಕ್ಯೂ. ಪಪ್ಪಾ ಮಮ್ಮಿಗೆ ಟ್ರೇನಲ್ಲಿ ಸೀಟ್ ಕೊಡು. ಅಜ್ಜನಿಗೆ ಶುಗರ್ ಉಂಟು. ಡಾಕ್ಟರ್ ಸ್ವೀಟ್ ಬೇಡ ಹೇಳಿದ್ದಾರೆ, ಫಿರ್ ಭೀ ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಪೇಡಾ ಇಟ್ಟಿದ್ದಾರೆ. ಅವ್ರಿಗೆ ಒಳ್ಳೆ ಬುದ್ಧಿ ಕೊಡು."

ಹಾಲಿನ ತುಂಬ ಕೆಮ್ಮು ಹಬ್ಬಿತು. ಗ್ರೇಸಿ ಕಣ್ಣು ತೆರೆದದ್ದು, ನಾನು ಕಣ್ಣು ಮುಚ್ಚಿಕೊಂಡಿದ್ದರೂ ನನಗೆ ತಿಳಿಯಿತು. ರಿಯಾ ನಿಲ್ಲಿಸಲಿಲ್ಲ.

"ಪಪ್ಪಾ ಮಮ್ಮಿ ಲೇಟಾದಾಗ ನಂಗೆ ಹೆದ್ರಿಕೆ ಆಗ್ತದೆ. ಅಜ್ಜ ಪ್ರೇಯರ್ ಮಾಡಿದ್ರೆ ಹೆದ್ರಿಕೆ ಆಗೋದಿಲ್ಲ. ಇಸ್ಲಿಯೇ ಅವ್ರು ತುಂಬಾ ವರ್ಷ ಬೇಕು. ಆಮೆನ್."

ನನ್ನ ಆಮೆನ್ ಎಲ್ಲರದ್ದೂ ಮುಗಿದ ಮೇಲೆ ಹೊರಬಿತ್ತು. ಕಾಲಾಡಿಸುತ್ತ, ಒಂದು ಕಣ್ಣು ತೆರೆದುಕೊಂಡು, ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಕಂಡೇ ಇರದ ನನ್ನ ಅಮ್ಮನ ವಿದ್ಯೆಯೂ ಅವಳ ಕೈ ಸೇರಿತ್ತು. ಅಷ್ಟು ಸಂತೋಷ ನನಗೆ ಇತ್ತೀಚೆಗೆ ಆಗಿರಲಿಲ್ಲ. ಗ್ರೇಸಿ ಎದ್ದು ಹಾರ್ಮೋನಿಯಂ ಪೆಟ್ಟಿಗೆ ತೆರೆದು ಪೇಡಾಗಳನ್ನು ಬಂದವರಿಗೆಲ್ಲ ಹಂಚಿದಳು. ಅಯ್ಯನವರು ಎರಡು ತಿಂದರು.

ಮರುದಿನ ಸಂಜೆಯ ಪ್ರಾರ್ಥನೆಯಲ್ಲಿ ನಾನು ದನಿಯನ್ನು ಆದಷ್ಟು ಮೆತ್ತಗೆ ಮಾಡಿಕೊಂಡು, "ಕರ್ತನೇ, ಕ್ರಿಸ್‌ಮಸ್ಸಿಗಾದರೂ ಈ ಮನೆಯ ಹೆಂಗಸರ ಮನಸ್ಸು ಕರಗಿಸಿ, ಈ ಮುದುಕನಿಗೆ ಒಂದೇ ಒಂದು ಪೇಡಾ ಕೊಡಿಸು" ಎಂದು ಬೇಡಿಕೊಂಡು ಎಲ್ಲರ ಆಮೆನ್‌ಗಾಗಿ ಕಾದೆ. ಮೆಲ್ಲಗೆ ಒಂದು ಕಣ್ಣು ತೆರೆದರೆ ರಿಯಾಳ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಆಮೆನ್ ಎಂದವನು ನಾನೊಬ್ಬನೇ.