ಇನ್ನೂ ಮೊಳಕೆಯೆಂದು ಚಿವುಟಿದ ಮೊಳಕೆ ನಿಧಿಯವರಿಗೆ

ಮೆದುಳು ತಂತ್ರಜ್ಞಾನ ಮೊಳಕೆ ನಿಧಿಯ ಘನ ಅಧ್ಯಕ್ಷರಾದ ಮಾನ್ಯರೇ,

ತಮ್ಮ ತಲೆ ಸದಾ ತಣ್ಣಗಿರಲಿ, ತಮ್ಮ ಮೊಹರಿನ ಶಾಯಿ ಎಂದೂ ಆರದಿರಲಿ ಎಂದು ಹಾರೈಸುತ್ತಾ, ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರೊಬ್ಬರ ಹೆಂಡತಿಯಾದ ನಾನು ತಮ್ಮ ದೂರದೃಷ್ಟಿಯನ್ನು ಊರಿಗೆಲ್ಲ ಕೇಳಿಸುವಂತೆ ಹೊಗಳಲು ಕುಳಿತಿದ್ದೇನೆ.

ನಮ್ಮ ಯಜಮಾನರಿಗೆ ಕೈನಡುಕ ಶುರುವಾದ ಮೇಲೆ, ದಂತವೈದ್ಯರ ಬೋರ್ಡಿನಲ್ಲಿ ಅವರು ಬಿಡಿಸಿದ ಹಲ್ಲು ಹಸಿಶುಂಠಿಯಂತೆ ಕಂಡು, ಜನ ಅಲ್ಲಿಗೆ ತರಕಾರಿ ಕೇಳಿಕೊಂಡು ಹೋಗತೊಡಗಿದರು. ವೈದ್ಯರು ಸಜ್ಜನರು, ಬೈಯಲಿಲ್ಲ. ಬೇರೆ ಪೇಂಟರನ್ನು ಕರೆಸಿಕೊಂಡರು, ಅಷ್ಟೇ. ಅಂದಿನಿಂದ ಯಜಮಾನರು ಬ್ರಷ್ಷುಗಳನ್ನು ತೊಳೆದು, ಒಣಗಿಸಿ, ಮತ್ತೆ ತೊಳೆಯುವುದನ್ನೇ ಉದ್ಯೋಗ ಮಾಡಿಕೊಂಡಿದ್ದರು.

ಅದನ್ನು ನೋಡಲಾಗದೆ ನನ್ನ ನಾದಿನಿಯ ಮಗಳು, ನಾವು ತಂತಿರಾಣಿ ಎಂದು ಕರೆಯುವ ಎಂಜಿನಿಯರ್, ಸೈಕಲ್ ಅಂಗಡಿಯ ಮಹಡಿಯಲ್ಲಿರುವ ತನ್ನ ಕೋಣೆಯಲ್ಲಿ ಒಂದು ಟೋಪಿ ತಯಾರಿಸಿದಳು. ಅದು ಮೆದುಳಿನ ಮಿಡಿತವನ್ನು ಓದಿಕೊಂಡು, ನಡುಕ ಏಳುವ ಮೊದಲೇ ನೆತ್ತಿಗೆ ಪುಟ್ಟದೊಂದು ವಿದ್ಯುತ್ತಿನ ತಟ್ಟು ಕೊಟ್ಟು ಸುಮ್ಮನಾಗಿಸುತ್ತದೆ. ಟೋಪಿ ಹಾಕಿಕೊಂಡ ಯಜಮಾನರು ಗೋಡೆಯ ಮೇಲೆ ಒಂದು ನೆಟ್ಟಗಿನ ಗೆರೆ ಎಳೆದರು. ಆಮೇಲೆ ಹಿಡಿಯುವವರೇ ಇಲ್ಲ! ಬಾಗಿಲು, ಕಿಟಕಿ, ನನ್ನ ಹೊಸ ಬಕೆಟ್ಟು, ಎಲ್ಲಕ್ಕೂ ಗೆರೆ ಎಳೆದು "ನೋಡೇ, ಇಲ್ನೋಡೇ!" ಎಂದು ಕುಣಿದರು. ನಾನು ಅತ್ತೆ, ನಕ್ಕೆ, ಉಳಿದ ಪಾತ್ರೆಗಳನ್ನು ಬಚ್ಚಿಟ್ಟೆ.

ಒಂದೇ ತೊಡಕು: ಟೋಪಿ ಬೇಗ ಬಿಸಿಯಾಗುತ್ತದೆ. ಅದನ್ನು ಸರಿಪಡಿಸಿ, ಪರೀಕ್ಷೆಗಳನ್ನು ಮಾಡಿಸಲು ಹುಡುಗಿ ತಮ್ಮಲ್ಲಿ ನೆರವು ಕೇಳಿದಳು. ತಾವು ಕಳಿಸಿದ ತಜ್ಞರು ಬಂದು, ಗೋಡೆಯ ಗೆರೆಗೆ ಸ್ಕೇಲ್ ಇಟ್ಟು ನೋಡಿ, ತಲೆದೂಗಿ ಹೋದರು. ಬೆನ್ನಿಗೇ ಅವರದೇ ವರದಿಯ ಮೇಲೆ ತಮ್ಮ ಉತ್ತರ ಬಂತು: ತಂತ್ರಜ್ಞಾನ ಇನ್ನೂ ಆರಂಭದ ಹಂತದಲ್ಲಿ ಇರುವುದರಿಂದ, ಆರಂಭದ ಹಂತಕ್ಕೆಂದೇ ಮೀಸಲಾದ ಈ ನಿಧಿಯಿಂದ ನೆರವು ಸಾಧ್ಯವಿಲ್ಲ.

ಎಂಥ ವಾಕ್ಯ ಸ್ವಾಮೀ! ಓದಿದ ಮೇಲೆ ನನ್ನ ಮೆದುಳಿಗೆ ಟೋಪಿ ಇಲ್ಲದೆಯೇ ಶಾಕ್ ಹೊಡೆಯಿತು. ತಾವು ದಯವಿಟ್ಟು ಒಂದು ಹೆರಿಗೆ ಆಸ್ಪತ್ರೆಯನ್ನೂ ತೆರೆದು, ಮೀಸೆ ಬಂದ ಶಿಶುಗಳನ್ನು ಮಾತ್ರ ದಾಖಲಿಸಿಕೊಳ್ಳಬೇಕೆಂದು ಕೋರುತ್ತೇನೆ.

ಹೀಗಿರುವಾಗ ಕಳೆದ ಭಾನುವಾರ ಅದೇ ತಜ್ಞರು ಕಡತವಿಲ್ಲದೆ, ಹೆತ್ತ ತಾಯಿಯ ತೋಳು ಹಿಡಿದು ಮೆಟ್ಟಿಲು ಹತ್ತಿ ಬಂದರು. ಆ ಅಮ್ಮನ ಕೈಯೂ ನಡುಗುತ್ತಿತ್ತು. ಎಷ್ಟೋ ಕಾಲದಿಂದ ಮಗನೇ ಲೋಟ ಹಿಡಿದು ಕುಡಿಸುತ್ತಿದ್ದರಂತೆ. ತಂತಿರಾಣಿ ಟೋಪಿ ತೊಡಿಸಿ, ಅಂಚಿನವರೆಗೂ ನೀರು ತುಂಬಿದ ಲೋಟ ಕೊಟ್ಟಳು. ಅಮ್ಮ ಒಂದು ಹನಿ ಚೆಲ್ಲದೆ ಕುಡಿದರು. ಇನ್ನೊಂದು ಕೇಳಿದರು. ಬಾಯಾರಿಕೆಗಲ್ಲ ಎಂದು ನಮಗೆಲ್ಲ ಗೊತ್ತಾಯಿತು. ಕುಡಿದಾದ ಮೇಲೆ ಮಗನತ್ತ ತಿರುಗಿ, "ಇದನ್ನೇ ಏನೋ ನೀನು ಬೇಡ ಅಂತ ಬರೆದಿದ್ದು?" ಎಂದರು.

"ಅಮ್ಮಾ, ನಿಯಮ ಹಾಗಿದೆ."

"ಹಾಗಾದ್ರೆ ನಾಳೆಯಿಂದ ನಿಂಗೆ ಆ ನಿಯಮಾನೇ ಊಟ ಹಾಕ್ಲಿ, ಹೋಗು!"

ತಜ್ಞರು ಕಣ್ಣೊರೆಸಿಕೊಂಡು ಅಲ್ಲೇ ನೆಲದ ಮೇಲೆ ಕುಳಿತು ಅಧ್ಯಕ್ಷರಾದ ತಮಗೆ ಹೊಸ ಶಿಫಾರಸು ಬರೆದಿದ್ದಾರೆ. ಅದನ್ನು ಇದರೊಂದಿಗೆ ಇಟ್ಟಿದ್ದೇನೆ. ಓದುವ ಕಷ್ಟವನ್ನು ತಾವು ಈ ಒಂದು ಸಲ ತೆಗೆದುಕೊಳ್ಳಬೇಕು.

ಇನ್ನೂ ಆರಂಭದ ಹಂತದ ವಿಶ್ವಾಸವಿರುವ,
ತಮ್ಮ ವಿಶ್ವಾಸಿ,
ಪೇಂಟರ ಹೆಂಡತಿ

ವಿ.ಸೂ.: ಮುಂದಿನ ಸಭೆಗೆ ಆ ಅಮ್ಮನೇ ಖುದ್ದಾಗಿ ಟೋಪಿ ತೊಟ್ಟು ಬರುತ್ತಾರಂತೆ. ಬೇಡ ಅನ್ನುವವರ ಕಿವಿ ಹಿಂಡುವುದು ಅವರ ಹಳೆಯ ಅಭ್ಯಾಸ. ಕೈಯಂತೂ ಈಗ ಒಂದಿಷ್ಟೂ ನಡುಗುವುದಿಲ್ಲ.