ಆರು ಹಸುಗಳ ಒಗ್ಗಟ್ಟು

ಓದು ಬಿಟ್ಟವನಿಗೆ ಒಂದು ಕಾಯಿಲೆ ಇರುತ್ತದೆ. ಓದಿದವರು ಏನನ್ನಾದರೂ ವಿವರಿಸಿ "ಅರ್ಥ ಆಯ್ತಾ?" ಎಂದರೆ ಸಾಕು, ಮಾತು ಮುಗಿಯುವ ಮೊದಲೇ "ಆಯ್ತು" ಎಂದುಬಿಡುತ್ತಾನೆ. ಆಗಲಿಲ್ಲ ಅಂದರೆ ಎಲ್ಲಿ ಕೈಗೆ ಸ್ಲೇಟು ಕೊಟ್ಟು ಮತ್ತೆ ಬೆಂಚಿನ ಮೇಲೆ ಕೂರಿಸುತ್ತಾರೋ ಎಂಬ ಭಯ. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು. ಆಮೇಲೆ ರಾವಂದೂರಿನ ನಮ್ಮ ಹೊಲದಲ್ಲಿ ಆರಂಬ ಮಾಡಿದೆ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಸೌದೆ ಹಾಕಿದೆ, ಶುಂಠಿ ಕಿತ್ತೆ. ಕೊನೆಗೆ ಹುಣಸೂರಿನ ಆಚೆ ಇರುವ ಯೂನಿವರ್ಸಿಟಿ ಕ್ಯಾಂಪಸ್ಸಿನ ಕೊಟ್ಟಿಗೆಗೆ ಸೇರಿದೆ. ಇಪ್ಪತ್ತು ವರ್ಷವಾಯಿತು. ನಾನು ಮೈ ತೊಳೆದ ಹಸುಗಳ ಮೇಲೆ ಪುಸ್ತಕ ಬರೆದು ಡಾಕ್ಟರೇಟ್ ತಗೊಂಡವರು ಇವತ್ತು ಎಲ್ಲೆಲ್ಲೋ ದೊಡ್ಡ ಕುರ್ಚಿಯಲ್ಲಿದ್ದಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದು ಬರೆಯಬೇಕೆಂದಿದ್ದೆ. ಸುಳ್ಳು ಯಾಕೆ, ಜಂಬಕ್ಕೇ ಹೇಳುತ್ತಿದ್ದೇನೆ. ಇಪ್ಪತ್ತು ವರ್ಷದಲ್ಲಿ ಒಬ್ಬರ ಬಾಯಲ್ಲೂ "ಮಾದಪ್ಪ ತಪ್ಪು ಮಾಡಿದ" ಅನ್ನಿಸಿಕೊಂಡವನಲ್ಲ.

ಈಗ ಮೂರು ವರ್ಷದಿಂದ ಬರುತ್ತಿರುವ ಮೇಡಂ ಹೆಸರು ಸುಮಾ, ಸಾಲಿಗ್ರಾಮದವರು. ಹಸು ಎಷ್ಟು ಹೊತ್ತು ಮೆಲುಕು ಹಾಕುತ್ತದೆ, ಎಷ್ಟು ನಡೆಯುತ್ತದೆ ಎಂಬುದನ್ನು ನೋಡಿ ಅದರ ಆರೋಗ್ಯ ಹೇಳಬಹುದೇ ಅನ್ನುವುದು ಅವರ ಸಂಶೋಧನೆ. ನಾನು ಮುಖ ನೋಡಿಯೇ ಹೇಳುತ್ತೇನಲ್ಲ ಎಂದೆ. "ನಿಮ್ಮ ಕಣ್ಣನ್ನ ಎಲ್ಲಾ ರೈತರಿಗೂ ಹಂಚೋಕಾಗುತ್ತಾ ಮಾದಪ್ಪ ಅವ್ರೇ?" ಎಂದರು. ಆ ಮಾತು ನನಗೆ ಹಿಡಿಸಿತು. ಒಂದು ದಿನ ಆರು ಹಸುಗಳ ಕೊರಳಿಗೆ ಆರು ಕರಿ ಬೆಲ್ಟು ಕಟ್ಟಿದರು. ಒಂದೊಂದರಲ್ಲೂ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ದವಡೆ ಆಡಿದರೂ ಅದಕ್ಕೆ ಗೊತ್ತಾಗುತ್ತದೆ, ಹೆಜ್ಜೆ ಇಟ್ಟರೂ ಗೊತ್ತಾಗುತ್ತದೆ, ಎಲ್ಲವನ್ನೂ ಕೂತಲ್ಲಿಂದಲೇ ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. "ಬಿಚ್ಚಿದ್ರೆ ನೆಲದ ಮೇಲೆ ಇಡಬೇಡಿ, ನೀರು ತಾಗಿಸಬೇಡಿ, ಬಿಸಿಲಲ್ಲಿ ಬಿಡಬೇಡಿ. ಅರ್ಥ ಆಯ್ತಾ?" ಎಂದರು. ಆಯ್ತು ಎಂದೆ. ಬಿಚ್ಚಲೇಬಾರದು ಅನ್ನುವುದನ್ನು ಅವರು ಹೇಳಲಿಲ್ಲ. ಅಷ್ಟು ಸಣ್ಣ ವಿಷಯ ಯಾರು ತಾನೇ ಹೇಳುತ್ತಾರೆ?

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಸೋಮವಾರ ಶಿವನ ವಾರ, ಬಸವಣ್ಣನಿಗೆ ರಜ. ನಮ್ಮ ಕಡೆ ಆವತ್ತು ಯಾರೂ ಎತ್ತಿನ ಮೇಲೆ ನೊಗ ಇಡುವುದಿಲ್ಲ. ನಮ್ಮಪ್ಪ ಇನ್ನೂ ಒಂದು ಕೈ ಮುಂದೆ. ಕೊರಳ ಗಂಟೆಯನ್ನೂ ಬಿಚ್ಚಿ ಗೂಟಕ್ಕೆ ನೇತುಹಾಕುತ್ತಿದ್ದ. "ಒಂದ್ ದಿನಾನಾದ್ರೂ ಕತ್ತು ಅಗುರಾಗಿರ್ಲಿ ಕಣ್ಲಾ" ಎನ್ನುತ್ತಿದ್ದ. ಯೂನಿವರ್ಸಿಟಿ ಹಸುವಾದರೆ ಅದಕ್ಕೆ ಕತ್ತಿಲ್ಲವೇ? ಸೋಮವಾರ ಬೆಳಿಗ್ಗೆ ಹಾಲು ಕರೆದ ಮೇಲೆ ಆರು ಬೆಲ್ಟನ್ನೂ ಬಿಚ್ಚಿದೆ. ಬಿಚ್ಚಿ ಕೈಯಲ್ಲಿ ಹಿಡಿದು ನಿಂತೆ. ನೆಲಕ್ಕೆ ಇಡುವಂತಿಲ್ಲ. ಗೋಡೆಯ ಮೊಳೆಗೆ ಬಿಸಿಲು ಬೀಳುತ್ತದೆ. ತೊಟ್ಟಿಯ ಕಟ್ಟೆ ಒದ್ದೆ. ಮೇಡಂ ಸೋಮವಾರ ಮೈಸೂರಿಗೆ ಪಾಠಕ್ಕೆ ಹೋಗುವುದರಿಂದ ಕೇಳೋಣವೆಂದರೆ ಅವರಿಲ್ಲ. ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ, ಅದು ಬೇರೆ ಮಾತು. ಇಡೀ ಕೊಟ್ಟಿಗೆಯಲ್ಲಿ ನೆರಳಿರುವ, ಒಣಗಿರುವ, ಭದ್ರವಾದ ಜಾಗ ಎಂದರೆ ನನ್ನ ಕುತ್ತಿಗೆ ಒಂದೇ. ಒಂದರ ಮೇಲೊಂದು ಆರನ್ನೂ ಹಾಕಿಕೊಂಡೆ. ಗದ್ದದವರೆಗೂ ಬಂತು. ಜೊತೆ ಕೆಲಸಗಾರ ನಿಂಗರಾಜ, ವೀರನಹೊಸಹಳ್ಳಿಯವನು, ನೋಡಿ ಪೊರಕೆ ಕೈಬಿಟ್ಟ.

"ಇದೇನಣ್ಣೋ, ಮದ್ವೆ ಗಂಡಿನಂಗೆ ಆರ ಆಕ್ಕಂಡಿದ್ದೀಯ? ಎಣ್ಣು ಯಾವ್ದು, ಕೆಂಪೀನಾ ಚುಕ್ಕೀನಾ?"

"ಮುಚ್ಕಂಡು ಗುಡಿಸ್ಲಾ" ಎಂದೆ.

ಹೀಗೆ ಮೂರು ತಿಂಗಳು, ಒಂದು ಸೋಮವಾರವನ್ನೂ ತಪ್ಪಿಸಲಿಲ್ಲ. ಸಂಜೆ ಮನೆಗೆ ಹೊರಡುವ ಮೊದಲು ಆರನ್ನೂ ಆಯಾ ಹಸುವಿಗೆ ಕಟ್ಟಿಯೇ ಹೊರಡುತ್ತಿದ್ದೆ. ಕೆಲಸ ಅಚ್ಚುಕಟ್ಟು.

ಒಂದು ಬುಧವಾರ ಮೇಡಂ ನನ್ನನ್ನು ತಮ್ಮ ಕೋಣೆಗೆ ಕರೆದರು. ಅವರ ಮುಖ ಹಬ್ಬದ ಮುಖವಾಗಿತ್ತು. "ಇಲ್ ನೋಡಿ ಮಾದಪ್ಪ ಅವ್ರೇ. ಬೇರೆ ದಿನ ಆರು ಹಸು ಆರು ಥರ. ಸೋಮವಾರ ಬಂದ್ರೆ ಎಲ್ಲಾ ಒಂದೇ! ಒಟ್ಟಿಗೆ ನಡೀತವೆ, ಒಟ್ಟಿಗೆ ನಿಲ್ತವೆ, ಒಟ್ಟಿಗೆ ಮೆಲುಕು ಹಾಕ್ತವೆ. ಇಂಥ ಒಗ್ಗಟ್ಟು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಶುಕ್ರವಾರ ನನ್ನ ಸಂಶೋಧನೆ ನೋಡೋಕೆ ಕಮಿಟಿಯವರು ಬರ್ತಿದ್ದಾರೆ, ಇದನ್ನೇ ಮೊದಲು ಹೇಳ್ತೀನಿ."

ನಾನು ಪರದೆಯನ್ನು ನೋಡಿದೆ. ಆರು ಬಣ್ಣದ ಆರು ಗೆರೆ, ಒಂದರ ಬೆನ್ನ ಮೇಲೊಂದು. ಹತ್ತು ಗಂಟೆಗೆ ಆರೂ ಹಸು ಸರಸರ ನಡೆದಿದ್ದವು. ಹತ್ತು ಗಂಟೆ ಎಂದರೆ ನಾನು ಕ್ಯಾಂಟೀನಿಗೆ ಟೀ ಕುಡಿಯಲು ಹೋಗುವ ಹೊತ್ತು. ಊಟವಾದ ಮೇಲೆ ಆರೂ ಬಹಳ ಚೆನ್ನಾಗಿ ಮೆಲುಕು ಹಾಕಿದ್ದವು. ನನ್ನ ಬಾಯಲ್ಲಿ ಎಲೆಅಡಿಕೆ ಹಾಗೇ ನಿಂತಿತು. ಎರಡೂವರೆಯಿಂದ ಮೂರೂಕಾಲಿನ ತನಕ ಗೆರೆಗಳು ಅಲುಗಾಡದೆ ಮಲಗಿದ್ದವು. ಆ ಹೊತ್ತಿನ ವಿಷಯ ನನಗೂ ಮೇವಿನ ಮನೆಯ ಹಿಂದಿನ ಹುಣಸೆ ಮರಕ್ಕೂ ಮಾತ್ರ ಗೊತ್ತು ಎಂದುಕೊಂಡಿದ್ದೆ.

"ಏನನ್ನಿಸುತ್ತೆ?" ಎಂದರು ಮೇಡಂ.

"ಒಳ್ಳೆ ಹಸುಗಳು" ಎಂದು ಹೇಳಿ ಹೊರಗೆ ಬಂದೆ.

ಹೇಳಿದರೆ ಇಪ್ಪತ್ತು ವರ್ಷದ ಮರ್ಯಾದೆ ಹೋಗುತ್ತದೆ, ಕೆಲಸ ಹೋದರೂ ಹೋಗಬಹುದು. ಹೇಳದಿದ್ದರೆ ಆ ಹೆಣ್ಣುಮಗಳು ದೊಡ್ಡವರ ಮುಂದೆ ನಿಂತು ಇಲ್ಲದ್ದನ್ನು ಇದೆ ಎನ್ನುತ್ತಾಳೆ. ಕಮಿಟಿಯವರೇನು ಕಡಲೆಕಾಯಿ ತಿನ್ನಲು ಬರುತ್ತಾರೆಯೇ? ಕೆದಕುತ್ತಾರೆ. ಅವಳು ಮೂರು ವರ್ಷ ಬೆಳಗಿನ ನಿದ್ದೆ ಕೆಡಿಸಿಕೊಂಡು ಕೊಟ್ಟಿಗೆಗೆ ಬಂದದ್ದೆಲ್ಲ ಗೊಬ್ಬರದ ಗುಂಡಿಗೆ. ಮನೆಗೆ ಹೋಗಿ ಮುದ್ದೆ ಮುರಿಯದೆ ಕೂತೆ. ನನ್ನ ಹೆಂಡತಿ ಪುಟ್ಟಗೌರಿ ಎಲ್ಲವನ್ನೂ ಕೇಳಿ, ಸೆರಗು ಬಾಯಿಗೆ ಹಿಡಿದು ನಕ್ಕು ಮುಗಿಸಿ, ಆಮೇಲೆ ಮುಖ ಗಟ್ಟಿ ಮಾಡಿಕೊಂಡಳು.

"ಓಗಿ ಏಳ್ಬುಡಿ. ಆ ಎಣ್ಮಗ ಅಷ್ಟ್ ಜನ ದೊಡ್ಡೋರ ಮುಂದೆ ನಿಮ್ಮ ನಿದ್ದೆ ಮ್ಯಾಲೆ ಭಾಷಣ ಮಾಡ್ಬೇಕಾ?"

ಗುರುವಾರ ಬೆಳಿಗ್ಗೆ ಹೇಳಿದೆ. ಬಾಯಲ್ಲಿ ಬರಲಿಲ್ಲವಾದ್ದರಿಂದ ಬೆಲ್ಟು ಬಿಚ್ಚಿ ನನ್ನ ಕುತ್ತಿಗೆಗೆ ಹಾಕಿಕೊಂಡು ತೋರಿಸಿದೆ. ಮೇಡಂ ಮೊದಲು ನಗಲಿಲ್ಲ. ಕಂಬಕ್ಕೆ ಒರಗಿ, "ಮೂರು ತಿಂಗಳ ಸೋಮವಾರ ಪೂರ್ತಿ ಹೋಯ್ತಾ?" ಎಂದರು. ಅವರ ಕಣ್ಣು ತುಂಬಿತ್ತು. ನನಗೆ ಭೂಮಿ ಬಾಯಿಬಿಡಲಿ ಅನ್ನಿಸಿತು. ಕಣ್ಣೊರೆಸಿಕೊಂಡು ಕೇಳಿದರು: "ಎರಡೂವರೆಗೆ ಎಲ್ಲಿ ಮಲಗ್ತಿದ್ರಿ?"

"ಉಣಸೆ ಮರದ ಕೆಳಗೆ."

"ಅದನ್ನ ನಾನು ಆಳವಾದ ವಿಶ್ರಾಂತಿ ಅಂತ ಬರ್ಕೊಂಡಿದ್ದೀನಿ" ಎಂದರು. ಎಂದವರೇ ತಡೆಯಲಾರದೆ ನಕ್ಕುಬಿಟ್ಟರು. ನಿಂಗರಾಜನೂ ಗೋಡೆಯ ಆಚೆಯಿಂದ ನಕ್ಕ. ಅವನನ್ನು ಯಾರು ಕರೆದಿದ್ದರೋ.

ಶುಕ್ರವಾರ ಮೇಡಂ ಕಮಿಟಿಯ ಮುಂದೆ ಒಂದನ್ನೂ ಮುಚ್ಚಿಡಲಿಲ್ಲ. ಸೋಮವಾರವನ್ನೆಲ್ಲ ತೆಗೆದುಹಾಕಿ, ಕಾರಣವನ್ನೂ ಹೇಳಿ, ಉಳಿದ ದಿನಗಳ ಗೆರೆ ತೋರಿಸಿದರು. ಕೆಂಪಿಗೆ ಜ್ವರ ಬರುವ ಹಿಂದಿನ ದಿನವೇ ಬೆಲ್ಟಿಗೆ ಗೊತ್ತಾಗಿತ್ತಂತೆ. ಆ ದಿನ ನಾನು ಕೆಂಪಿಯ ಮುಖ ನೋಡಿ ಚೆನ್ನಾಗಿದೆ ಎಂದಿದ್ದೆ. ಈ ಭಾಗ ಕೇಳಿಸದವನಂತೆ ಬಾಗಿಲ ಬಳಿ ನಿಂತಿದ್ದೆ. ಕಮಿಟಿಯಲ್ಲಿ ತಲೆಯೆಲ್ಲ ಬೆಳ್ಳಗಾದ ಒಬ್ಬ ಪ್ರೊಫೆಸರರು ನನ್ನ ಕಡೆ ತಿರುಗಿದರು. "ಸೋಮವಾರ ಕೊರಳು ಬರಿದಾಗಿದ್ದರೆ ಹಸುವಿಗೆ ಏನು ಲಾಭ?"

"ಸುಖ ಸಾರ್" ಎಂದೆ.

"ಹೇಗೆ ಗೊತ್ತು?"

ನನ್ನ ಆಯುಸ್ಸಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಮ್ಮಪ್ಪ ಹೇಳಿದ್ದ ಎನ್ನಲು ಹೋದೆ. ಬಾಯಿ ತಾನಾಗಿಯೇ ಬೇರೆ ಹೇಳಿತು: "ಗೊತ್ತಿಲ್ಲ ಸಾರ್."

ಪ್ರೊಫೆಸರರು ಮೇಜು ತಟ್ಟಿದರು. "ಹಾಗಾದ್ರೆ ನೋಡೇಬಿಡೋಣ ಕಣಯ್ಯಾ."

ಅಲ್ಲಿಗೆ ನನ್ನ ಹೆಸರಿನಲ್ಲಿ ಒಂದು ಸಂಶೋಧನೆ ಶುರುವಾಯಿತು. ಮೇಡಂ ಒಂದು ದಪ್ಪ ನೋಟ್‌ಬುಕ್ಕಿನ ಮೇಲೆ "ಮಾದಪ್ಪನವರ ಪ್ರಶ್ನೆ" ಎಂದು ಬರೆದುಕೊಟ್ಟರು. ಮೂರು ಹಸುಗಳಿಗೆ ಸೋಮವಾರ ಬರಿಗೊರಳು, ಮೂರಕ್ಕೆ ಬೆಲ್ಟು. ಯಾವುದು ಹೇಗೆ ಇರುತ್ತದೆ, ಹಾಲೆಷ್ಟು ಕೊಡುತ್ತದೆ ಎಂದು ನಾನೇ ಬರೆಯಬೇಕು. ಯಾವ ಮೂರು ಎಂದು ಚೀಟಿ ಹಾಕಿದರು, ಎತ್ತಿದವನು ನಾನು. ಅಪ್ಪ ಇದ್ದಿದ್ದರೆ ಮೂರು ಹಸುಗಳಿಗೆ ಸೋಮವಾರದ ರಜ ತಪ್ಪಿಸಿದವನನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆದರೆ ತನ್ನ ಮಾತು ನಿಜವೆಂದು ದೊಡ್ಡವರ ಪುಸ್ತಕದಲ್ಲಿ ಅಚ್ಚಾಗುವುದಿದ್ದರೆ ಬಾಗಿಲಲ್ಲೇ ಕಾಯುತ್ತಾ ಕೂರುತ್ತಿದ್ದನೇನೋ.

ಈಗ ಸೋಮವಾರ ಬಂದರೆ ನನ್ನ ಕೈ ಹತೋಟಿಗೆ ಸಿಗುವುದಿಲ್ಲ. ಬರಿಗೊರಳಿನ ಮೂರು ಗೆಲ್ಲಲಿ ಎಂದು ಅವುಗಳ ತೊಟ್ಟಿಗೆ ಒಂದು ಹಿಡಿ ಹಿಂಡಿ ಜಾಸ್ತಿ ಹಾಕಲು ಹೋಗುತ್ತದೆ. ಗದರಿಸಿ ಹಿಂದಕ್ಕೆ ಎಳೆದುಕೊಂಡರೆ, ಪಾಪ ಎಂದು ಬೆಲ್ಟಿನ ಮೂರರ ಕಡೆ ಹೋಗುತ್ತದೆ. ಈ ಸಂಶೋಧನೆಯನ್ನು ಕೆಡಿಸಬಲ್ಲ ಮನುಷ್ಯ ಇಡೀ ಕ್ಯಾಂಪಸ್ಸಿನಲ್ಲಿ ಒಬ್ಬನೇ ಇದ್ದಾನೆ. ಅವನ ಮೇಲೆ ಕಣ್ಣಿಡುವ ಕೆಲಸವನ್ನೂ, ನನ್ನ ಮೇಲಿನ ನಂಬಿಕೆಯಿಂದ, ಮೇಡಂ ನನಗೇ ವಹಿಸಿದ್ದಾರೆ.