ಟ್ಯಾಂಕರ್ ಬಂದ ದಿನವೇ ಕೆಡುವ ಫೋನು

"ಈ ಫೋನಿನ ರೋಗ ನಾನೇ ಹಿಡಿತೇನಿ. ಹಿಡೀಲಿಲ್ಲಂದ್ರ ನನ್ನ ಹೆಸರು ಅನಸೂಯಾಬಾಯಿನೇ ಅಲ್ಲ!"

ಬೀದರಿನ ತಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಅನಸೂಯಾಬಾಯಿ ಹೀಗೆ ಶಪಥ ಮಾಡಿದಾಗ ಕೇಳಿಸಿಕೊಳ್ಳಲು ಇದ್ದವರು ಗಂಡ ಪ್ರಭಾಕರರಾಯರು ಒಬ್ಬರೇ. ಅವರು ಪೇಪರಿನ ಹಿಂದಿನಿಂದಲೇ, "ಹೊಸಾ ಹೆಸರು ಯಾವುದು ಇಟ್ಕೋತಿ, ಈಗೇ ವಿಚಾರ ಮಾಡಿಡು," ಎಂದರು.

ನಗುವ ಸಂಗತಿಯೇ ಅಲ್ಲ! ಬರ ಬಿದ್ದ ಮೇಲೆ ಹಲಬರ್ಗಾ ಹಳ್ಳಿಯ ಹೊಲ ಬಿಟ್ಟು ಪುಣೆಗೆ ದುಡಿಯಲು ಹೋದ ತಮ್ಮ ಶಿವರಾಜನಿಗೆ ಹೆಣ್ಣು ಮಗು ಹುಟ್ಟಿತ್ತು. ತೊಟ್ಟಿಲಲ್ಲಿ ಹಾಕುವ ದಿನ ಮಗುವಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಹೇಳಿದ ಕೂಡಲೇ ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಬೀಳದ ಹೆಸರು ಗಟ್ಟಿ ನಿಲ್ಲುವುದಿಲ್ಲ! ಆದರೆ ಅನಸೂಯಾಬಾಯಿಯ ಮೊಣಕಾಲು ಬಾತು ಬಸ್ಸು ಹತ್ತುವ ಹಾಗಿರಲಿಲ್ಲ. ರಾಯರು ನಿವೃತ್ತರಾದಾಗ ಕೊಂಡ ಕಂಪ್ಯೂಟರಿನಲ್ಲಿ ಮುಖ ನೋಡುತ್ತಲೇ ಹೆಸರಿಡುವುದೆಂದು ನಿಶ್ಚಯವಾಯಿತು.

"ಲೈನ್ ಕಡೀತಂದ್ರ ಮುಹೂರ್ತ ನಿಲ್ಲಂಗಿಲ್ಲ ಅಕ್ಕಾ. ಕಾಕಾನ ಮಗಳು ಪ್ರಮಿಲಾ ಇಲ್ಲೇ ಇದ್ದಾಳ. ಆಕಿ ಇಡ್ತಾಳ," ಎಂದು ತಮ್ಮ ಮೊದಲೇ ಹೇಳಿಟ್ಟಿದ್ದ.

ಪ್ರಮಿಲಾ! ಅವಳು ಪಿಂಕಿ ಎಂದಿಟ್ಟರೂ ಇಟ್ಟಾಳು! ತಾಯಿ ಹೀರಾಬಾಯಿಯ ಹೆಸರು ಮನೆಯಲ್ಲಿ ಮತ್ತೆ ಕೇಳಬೇಕೆಂಬುದು ಅನಸೂಯಾಬಾಯಿಯ ಬಹುದಿನದ ಆಸೆ.

ಆದರೆ ಆ ಫೋನಿನ ಲೈನೋ! ರಿಸೀವರ್ ಎತ್ತಿದರೆ ಜೋಳದ ಅರಳು ಹುರಿದ ಸದ್ದು. ಅದೇ ತಂತಿಯಲ್ಲಿ ಬರುವ ಇಂಟರ್‌ನೆಟ್ಟಿನ ಡಬ್ಬಿ ಕೆಂಪು ಕಣ್ಣು ಬಿಟ್ಟು ಕೂರುತ್ತಿತ್ತು. ಲೈನ್‌ಮನ್ ಮರುದಿನ ಬಂದರೆ, ಕನ್ಯೆ ನೋಡಲು ಬಂದವರ ಮುಂದೆ ಕೂತ ಹುಡುಗಿಯ ಹಾಗೆ, ಲೈನು ತಲೆ ತಗ್ಗಿಸಿ ಗಪ್‌ಚುಪ್!

ಅನಸೂಯಾಬಾಯಿ ಹದ್ದಿನ ಕಣ್ಣಿಟ್ಟು ಕಾದರು. ಕೊನೆಗೂ ಸಿಕ್ಕಿತು! ಗಲ್ಲಿಗೆ ಅಯ್ಯುಬನ ನೀರಿನ ಟ್ಯಾಂಕರ್ ಬಂದ ದಿನವೇ ಲೈನು ಕೆಡುತ್ತದೆ. ಸಂಜೆಗೆ ತಾನೇ ಸುಧಾರಿಸುತ್ತದೆ.

"ಟ್ಯಾಂಕರ್‌ಗಿ ನೆಲ ನಡಗ್ತದ, ನೆಲಕ್ಕ ಕಂಬ ನಡಗ್ತದ, ಕಂಬಕ್ಕ ತಂತಿ ನಡಗ್ತದ. ತಿಳೀತೇನ್ರಿ?"

"ಹಂಗಿದ್ರ ಬೀದರ ಕೋಟಿ ಯಾವಾಗೋ ಬೀಳಬೇಕಿತ್ತು," ಎಂದರು ರಾಯರು.

ತೊಟ್ಟಿಲಿನ ದಿನವೇ ಟ್ಯಾಂಕರಿನ ಪಾಳಿಯೂ ಬಂತು. ಅನಸೂಯಾಬಾಯಿ ಕುಂಟುತ್ತ ಹೋಗಿ ಗಲ್ಲಿಯ ಬಾಯಲ್ಲಿ ಕೈ ಅಡ್ಡ ಹಿಡಿದು ನಿಂತರು.

"ಅಯ್ಯುಬ, ಇವತ್ತ ಒಳಗ ಬರಬ್ಯಾಡ. ನಾಳಿ ಬಾ."

"ಯಾ ಅಲ್ಲಾ! ಮಂದಿ ನನ್ನ ಚಮಡಾ ತೆಗೀತಾರ ಅಮ್ಮಾ!"

"ಮಂದಿಗಿ ನಾ ಹೇಳ್ತೇನಿ. ನೀ ಗಾಡಿ ತಿರುಗಿಸು."

ಗಾಡಿ ತಿರುಗಿತು. ಮಂದಿಗೆ ಹೇಳುವುದು ಮಾತ್ರ ಮರೆತುಹೋಯಿತು! ಅನಸೂಯಾಬಾಯಿ ಉಳಿದ ನೀರಲ್ಲಿ ಸ್ನಾನ ಮಾಡಿ, ಉಟ್ಟ ಒಂಬತ್ತು ಗಜದ ಹಸಿರು ಸೀರೆ ಹಿಂಡಿ ಅಂಗಳದಲ್ಲಿ ಒಣಹಾಕಿ, ರೇಷ್ಮೆಯುಟ್ಟು, ದಿಗ್ವಿಜಯ ಮುಗಿಸಿದ ರಾಣಿಯಂತೆ ಕಂಪ್ಯೂಟರಿನ ಮುಂದೆ ಕುಳಿತರು.

ಪರದೆಯ ಮೇಲೆ ಶಿವರಾಜ ಬಂದ, ತೊಟ್ಟಿಲು ಬಂತು, ಮುಷ್ಟಿ ಬಿಗಿದ ಕೂಸು ಬಂತು. ಅನಸೂಯಾಬಾಯಿ ಮುಂದೆ ಬಾಗಿ "ಕು..." ಎನ್ನುವಷ್ಟರಲ್ಲಿ ಎಲ್ಲರೂ ಕಲ್ಲಾದರು. ಕೆಂಪು ಕಣ್ಣು!

"ಟ್ಯಾಂಕರ್ ಬಂದಿಲ್ಲ. ಕಂಬ ಯಾರು ನಡಗಿಸ್ಲತ್ತಾರ?" ಎಂದರು ರಾಯರು.

ಅಷ್ಟರಲ್ಲಿ ಅನಸೂಯಾಬಾಯಿಯ ಬಟನ್ ಮೊಬೈಲಿಗೆ ಶಿವರಾಜನ ಕರೆ. "ಅಕ್ಕಾ, ನೀ ಇಲ್ಲಿ ಬಾಯಿ ತೆರೆದು ಹಂಗೇ ನಿಂತುಬಿಟ್ಟೀದಿ! ಪ್ರಮಿಲಾ ತೊಟ್ಟಿಲ ಹತ್ರ ಬರ್ಲತ್ತಾಳ... ಏ, ತಡಿ. ನಿನ್ನ ಬೆನ್ನ ಹಿಂದ ಬಾಗಿಲದಾಗ ಹಸಿರು ಸೀರಿ ಕಾಣ್ಲತ್ತದ. ಅದು ಎಂಥಾ ಹಗ್ಗನೋ ಅಕ್ಕಾ? ಕಂಬದಿಂದ ಸೀದಾ ಮನ್ಯಾಗ ಬಂದದಲ್ಲ!"

ಅನಸೂಯಾಬಾಯಿ ತಿರುಗಿ ನೋಡಿದರು. ಬಟ್ಟೆ ಒಣಹಾಕುವ ಹಗ್ಗವೆಲ್ಲಿ? ಬಾವಿಯ ನೀರು ಪಾತಾಳಕ್ಕಿಳಿದಾಗ ಅದನ್ನು ಅವರೇ ನೀರು ಸೇದುವ ಹಗ್ಗಕ್ಕೆ ಗಂಟು ಹಾಕಿದ್ದರು. ಬಾವಿ ಬತ್ತಿತು, ಹಗ್ಗ ಅಲ್ಲೇ ಉಳಿಯಿತು. ಅಂದಿನಿಂದ ಸೀರೆ ಕೈಗೆಟಕುವ ಫೋನಿನ ತಂತಿ ಏರಿತು. ನೀರು ಬಂದ ದಿನವೇ ಬಟ್ಟೆ ಒಗೆಯುವುದು! ಹಸಿ ಸೀರೆಯ ಭಾರಕ್ಕೆ ತಂತಿಯ ಹಳೆಯ ಜೋಡಣೆ ಮೆಲ್ಲಗೆ ಬಾಯಿ ಬಿಡುವುದು, ಸೀರೆ ಒಣಗಿ ಹಗುರಾದರೆ ಮತ್ತೆ ಕೂಡುವುದು!

ಮೊಣಕಾಲಿಗೆ ತಾನು ಬಾತಿದ್ದೇ ನೆನಪಾಗಲಿಲ್ಲ. ಅಂಗಳಕ್ಕೆ ಓಡಿ ಸೀರೆ ಎಳೆದು ಹಾಕಿದರು. ಒಳಗೆ ಡಬ್ಬಿಯ ಕಣ್ಣು ಹಸಿರಾಯಿತು. ಆದರೆ ಅಂಗಳದ ಬಾಗಿಲಲ್ಲಿ ಹಲವು ಕಣ್ಣು ಕೆಂಪಾಗಿದ್ದವು! ಎದುರು ಮನೆಯ ಶಮೀಮ ಮುಂದೆ, ಖಾಲಿ ಕೊಡ ಹಿಡಿದ ಇಡೀ ಗಲ್ಲಿ ಹಿಂದೆ.

"ಟ್ಯಾಂಕರ್ ವಾಪಸ್ ಕಳಿಸ್ದವರು ನೀವೇ ಅಂತಲ್ರಿ ಅಕ್ಕಾ?"

"ತಡಿಯವ್ವಾ ಶಮೀಮ, ಮೊದಲ ಕೂಸಿಗಿ ಹೆಸರು!" ಎನ್ನುತ್ತ ಅನಸೂಯಾಬಾಯಿ ಒಳಗೋಡಿ ಪರದೆಗೆ ಬಾಯಿಟ್ಟು ಕೂಗಿದರು: "ಕುರ್ರ್... ಹೀರಾ!"

ಪುಣೆಯಲ್ಲಿ ಗುಲ್ಲೋ ಗುಲ್ಲು. "ಅಲ್ಲಿ ಯಾರರ ಇದ್ರ ಅಕ್ಕನ ಬೆನ್ನಿಗಿ ಗುದ್ರಿ!" ಎಂದು ಶಿವರಾಜ ಕಿರುಚಿದ.

ಹಿಂದೆಯೇ ಒಳಬಂದಿದ್ದ ಶಮೀಮ ತನ್ನ ಖಾಲಿ ಕೊಡ ನೋಡಿದಳು, ಅನಸೂಯಾಬಾಯಿಯ ಬೆನ್ನು ನೋಡಿದಳು. ಕೊಡ ಕೆಳಗಿಟ್ಟಳು.

"ಇದ್ದೀವಿ ಅಣ್ಣಾ! ಪೂರಾ ಗಲ್ಲಿನೇ ಇದ್ದೀವಿ!"

ಧಬ್! ಧಬ್! ಧಬ್! ಅದರಲ್ಲಿ ಶಾಸ್ತ್ರದ ಗುದ್ದು ಯಾವುದು, ನೀರಿನ ಗುದ್ದು ಯಾವುದು, ಆ ಬಡಪಾಯಿ ಬೆನ್ನಿಗೆ ತಿಳಿಯಲೇ ಇಲ್ಲ.

"ಹೆಸರು ಭಾಳ ಗಟ್ಟಿ ಆಯ್ತು," ಎಂದು ರಾಯರು ಪೇಪರು ಮಡಚಿದರು.

ಪರದೆಯಿಂದ ಶಿವರಾಜನ ದನಿ ಗಂಟೆ ಹೊಡೆದಷ್ಟು ಖಣಖಣ: "ಅಕ್ಕಾ, ಲೈನ್ ಈಗ ಏಕ್‌ದಂ ಛಲೋ ಆಗ್ಯಾದ! ಒಂದೊಂದು ಗುದ್ದೂ ಸಾಫ್ ಕೇಳ್ಲತ್ತದ!"